37 ದೇಶಗಳ ಸರ್ವೆ ನಿಜಕ್ಕೂ ಏನು ಹೇಳಿದೆ? ಗಂಡು-ಹೆಣ್ಣಿನ ಆಯ್ಕೆ ಬಗ್ಗೆ ಓದಿದವರು ದಯವಿಟ್ಟು ಮಾತಾಡಿ

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಕಡೆಯ ಒಂದು ಕಾಲೇಜಿನಲ್ಲಿ ಮನೋವಿಜ್ಞಾನ ಪಾಠ ಮಾಡುತ್ತೇನೆ. ಹೋದ ತಿಂಗಳು ಹಬ್ಬಕ್ಕೆ ಮನೆಯವರೆಲ್ಲ ಸೇರಿದ್ದೆವು. ಊಟ ಮುಗಿಸಿ ಜಗಲಿಯಲ್ಲಿ ಕೂತಾಗ ಚಿಕ್ಕಮ್ಮನ ಮಗ ಒಂದು ಮಾತು ಹೇಳಿದ. “ಅಕ್ಕಾ, ಇದು ನಾನು ಹೇಳ್ತಿರೋದಲ್ಲ, ವಿಜ್ಞಾನವೇ ಹೇಳಿದೆ. 37 ದೇಶದಲ್ಲಿ ಸರ್ವೆ ಮಾಡಿದ್ದಾರೆ. ಹುಡುಗಿಯರಿಗೆ ಬೇಕಾಗಿರೋದು ದುಡ್ಡು, ಅಷ್ಟೇ. ಮಿಕ್ಕಿದ್ದೆಲ್ಲ ಸುಮ್ನೆ.” ಅವನಿಗೆ 29 ವರ್ಷ. ಎರಡು ಸಂಬಂಧ ತಪ್ಪಿಹೋಗಿವೆ. ಪಕ್ಕದಲ್ಲಿ ಕೂತಿದ್ದ ಅವನ ತಂಗಿ ಏನೂ ಹೇಳದೆ ಎದ್ದು ಒಳಗೆ ಹೋದಳು.

ಅವನು ಹೇಳಿದ ಸಂಶೋಧನೆ ನನಗೆ ಗೊತ್ತಿತ್ತು. ಆದರೂ ವಾಪಸ್ ಬಂದು ಇನ್ನೊಮ್ಮೆ ಪೂರ್ತಿ ಓದಿದೆ. ಡೇವಿಡ್ ಬಸ್ ಎಂಬ ಅಮೆರಿಕದ ಮನೋವಿಜ್ಞಾನಿ 1989ರಲ್ಲಿ ಪ್ರಕಟಿಸಿದ್ದು. ಮೊದಲನೆಯದಾಗಿ ಅದು 37 ದೇಶಗಳಲ್ಲ. 33 ದೇಶಗಳ 37 ಗುಂಪುಗಳು, ಒಟ್ಟು 10,047 ಜನ. ಭಾರತವೂ ಅದರಲ್ಲಿ ಇದೆ. ಮದುವೆಯಾಗುವವರಲ್ಲಿ ಯಾವ ಗುಣ ಎಷ್ಟು ಮುಖ್ಯ ಎಂದು 18 ಗುಣಗಳಿಗೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡಲು ಹೇಳಿದ್ದರು.

ಈ ಸರ್ವೆ ಬಗ್ಗೆ ಫೋನಿನ ರೀಲ್ಸ್‌ ವಿಡಿಯೋಗಳಲ್ಲಿ ಬರುವ ಭಾಗ ಸುಳ್ಳಲ್ಲ. ಸಂಪಾದನೆ ಚೆನ್ನಾಗಿರಬೇಕು ಎಂಬುದಕ್ಕೆ 37ರಲ್ಲಿ 36 ಗುಂಪುಗಳ ಹೆಂಗಸರು ಗಂಡಸರಿಗಿಂತ ಜಾಸ್ತಿ ಅಂಕ ಕೊಟ್ಟರು. ಸ್ಪೇನ್‌ನಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ರೂಪಕ್ಕೆ 34 ಗುಂಪುಗಳಲ್ಲಿ ಗಂಡಸರು ಹೇಳಿಕೊಳ್ಳುವಷ್ಟು ಜಾಸ್ತಿ ಅಂಕ ಕೊಟ್ಟರು. 2020ರಲ್ಲಿ ಬಸ್ ಅವರೂ ಇದ್ದ ತಂಡವೊಂದು 45 ದೇಶಗಳಲ್ಲಿ 14,399 ಜನರನ್ನು ಕೇಳಿದಾಗಲೂ ಹೆಚ್ಚುಕಡಿಮೆ ಇದೇ ಬಂತು. ಇದನ್ನೆಲ್ಲ ನಾನು ಅಲ್ಲಗಳೆಯುವುದಿಲ್ಲ.

ಆದರೆ ಬಸ್ ಅವರ ಅದೇ ಸರ್ವೆಯಲ್ಲಿ ಗಂಡಸರೂ ಹೆಂಗಸರೂ ಎಲ್ಲಕ್ಕಿಂತ ಜಾಸ್ತಿ ಅಂಕ ಕೊಟ್ಟಿದ್ದು ಯಾವುದಕ್ಕೆ ಗೊತ್ತಾ? ಪರಸ್ಪರ ಪ್ರೀತಿ. ಆಮೇಲೆ ನಂಬಬಹುದಾದ ನಡತೆ. ಆಮೇಲೆ ಮನಸ್ಸಿನ ಸ್ಥಿರತೆ. ಆಮೇಲೆ ಹಿತವಾದ ಸ್ವಭಾವ. ಮೇಲಿನ ಈ ನಾಲ್ಕು ಇಬ್ಬರಿಗೂ ಒಂದೇ. ಹಣ ಇವುಗಳಿಗಿಂತ ಎಷ್ಟೋ ಕೆಳಗೆ ಬರುತ್ತದೆ, ಹೆಂಗಸರ ಪಟ್ಟಿಯಲ್ಲೂ ಕೂಡ. “ಹೆಂಗಸರು ಹಣಕ್ಕೆ ಗಂಡಸರಿಗಿಂತ ಜಾಸ್ತಿ ಅಂಕ ಕೊಟ್ಟರು” ಅನ್ನುವುದು ಒಂದು ಮಾತು. “ಹೆಂಗಸರಿಗೆ ಹಣವೇ ಎಲ್ಲಕ್ಕಿಂತ ಮುಖ್ಯ” ಅನ್ನುವುದು ಇನ್ನೊಂದು. ಮೊದಲನೆಯದು ಸಂಶೋಧನೆಯಲ್ಲಿದೆ. ಎರಡನೆಯದು ಎಲ್ಲೂ ಇಲ್ಲ. ನನ್ನ ತಮ್ಮ ಎರಡನೆಯದನ್ನು ನಂಬಿಕೊಂಡು ಹುಡುಗಿ ನೋಡಲು ಹೋಗುತ್ತಿದ್ದಾನೆ. ಎದುರಿಗೆ ಕೂತವಳು ಬಾಯಿ ಬಿಡುವ ಮೊದಲೇ ಅವಳಿಗೆ ಏನು ಬೇಕು ಎಂದು ತೀರ್ಮಾನ ಮಾಡಿಬಿಟ್ಟಿದ್ದಾನೆ. ನನಗೆ ನೋವಾಗಿರುವುದು ಅದಕ್ಕೆ.

ನಿಮ್ಮ ಮನೆಗಳಲ್ಲೂ ಇಂಥ ಮಾತು ನಡೆದಿದೆಯಾ? ಏನು ಉತ್ತರ ಕೊಟ್ಟಿರಿ?

ಮಂಡ್ಯದ ಕಬ್ಬು:

ಅಕ್ಕ, ನೀವು ಬರೆದಿದ್ದು ಚೆನ್ನಾಗಿದೆ. ಆದರೆ ನನ್ನ ಕಥೆಯನ್ನೂ ಕೇಳಿ. ನನಗೆ 32. ಬಿ.ಕಾಂ ಮಾಡಿದ್ದೇನೆ. ಮೂರು ಎಕರೆ ಗದ್ದೆ ಇದೆ, ನಾಲೆ ನೀರಿದೆ, ಸಾಲ ಇಲ್ಲ. ಐದು ವರ್ಷದಿಂದ ಹೆಣ್ಣು ನೋಡುತ್ತಿದ್ದೇವೆ. ಎಲ್ಲ ಕಡೆ ಕೇಳುವುದು ಒಂದೇ, “ಹುಡುಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನಾ?” 2023ರ ಫೆಬ್ರವರಿಯಲ್ಲಿ ನಮ್ಮ ಕಡೆಯ ಮದುವೆಯಾಗದ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋಗಿದ್ದರು. ಟೀವಿಯವರು ಅದನ್ನು ತಮಾಷೆ ಥರ ತೋರಿಸಿದರು. ನನ್ನ ಗೆಳೆಯ ಒಬ್ಬ ಅದರಲ್ಲಿ ಇದ್ದ. ತಮಾಷೆಗೆ ಯಾರೂ ಅಷ್ಟು ದೂರ ಬಿಸಿಲಲ್ಲಿ ನಡೆಯುವುದಿಲ್ಲ ಕಣಕ್ಕ.

ಅವತ್ತಿನಿಂದ ನಾನೂ ನೀವು ಹೇಳಿದ ಆ ರೀಲ್ಸ್ ವಿಡಿಯೋಗಳನ್ನು ನೋಡುತ್ತೇನೆ. ಅಲ್ಲಿ ಕನಿಷ್ಠ ಒಂದು ಕಾರಣ ಕೊಡುತ್ತಾರೆ. ಹೆಣ್ಣಿನ ಸ್ವಭಾವವೇ ಹಾಗೆ, ಲಕ್ಷಾಂತರ ವರ್ಷದಿಂದ ಬಂದಿದ್ದು, ನಿನ್ನ ತಪ್ಪೇನೂ ಇಲ್ಲ ಅನ್ನುತ್ತಾರೆ. ಕೇಳಿದರೆ ಸ್ವಲ್ಪ ಸಮಾಧಾನ ಆಗುತ್ತದೆ. ಅದೂ ಸುಳ್ಳು ಅಂದರೆ ನಿಜ ಯಾವುದು?

ತುಂಗಾತೀರ:

ತಮ್ಮಾ, ಸಮಾಧಾನ ಆಗುತ್ತದೆ ಅಂದೆಯಲ್ಲ, ಅದು ನನಗೆ ಅರ್ಥವಾಗುತ್ತದೆ. ನಿನ್ನ ತಪ್ಪಿಲ್ಲ ಅನ್ನುವುದೂ ನಿಜ. ಆದರೆ ಕಾರಣ ಮಾತ್ರ ಅವರು ಹೇಳುವುದಲ್ಲ ಅನಿಸುತ್ತದೆ.

ಲಕ್ಷಾಂತರ ವರ್ಷದ ಸ್ವಭಾವವೇ ಕಾರಣವಾಗಿದ್ದರೆ ನಿಮ್ಮ ತಾತನಿಗೂ ಹೆಣ್ಣು ಸಿಗಬಾರದಿತ್ತು, ಅಲ್ವಾ? ಅವರ ಕಾಲದಲ್ಲಿ ನಾಲೆ ಬಯಲಿನ ಮೂರು ಎಕರೆ ಗದ್ದೆ ಅಂದರೆ ಹೆಣ್ಣು ಕೊಡುವವರೇ ಮನೆ ಹುಡುಕಿಕೊಂಡು ಬರುತ್ತಿದ್ದರು. ಒಂದೆರಡು ತಲೆಮಾರಿನಲ್ಲಿ ಹೆಣ್ಣಿನ ಸ್ವಭಾವ ವಿಕಾಸ ಆಗುವುದಿಲ್ಲ. ಬದಲಾಗಿದ್ದು ಬೇಸಾಯದ ಸ್ಥಿತಿ, ಹುಡುಗಿಯರ ಓದು, ಬೆಂಗಳೂರಿನ ದಾರಿ.

ಇನ್ನೊಂದು ಮಾತು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. 2023ರ ಕೊನೆಯಲ್ಲಿ ನಿಮ್ಮ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಾಡಿ ಹೆಣ್ಣು ಭ್ರೂಣ ತೆಗೆಸುತ್ತಿದ್ದ ಜಾಲ ಸಿಕ್ಕಿಬಿತ್ತು. ವಧು-ವರರ ಸಮಾವೇಶಗಳಲ್ಲಿ ಹುಡುಗರ ಅರ್ಜಿ ಸಾವಿರಗಟ್ಟಲೆ, ಹುಡುಗಿಯರದು ನೂರರ ಲೆಕ್ಕ ಎಂಬ ಸುದ್ದಿಯನ್ನೂ ಓದಿರುತ್ತೀಯ. ಹುಟ್ಟಬೇಕಾಗಿದ್ದ ಹುಡುಗಿಯರೇ ಇಲ್ಲದಿದ್ದರೆ ಇರುವವರ ಸ್ವಭಾವದ ಬಗ್ಗೆ ಮಾತಾಡಿ ಏನು ಬಂತು?

ಲೆಕ್ಕದ ಮೇಷ್ಟ್ರು:

ಮೇಡಂ ಬರೆದಿದ್ದಕ್ಕೆ ನನ್ನದೂ ಒಂದೆರಡು ಮಾತು. ಜನ ಎಡವುವುದು ಸರಾಸರಿ ಅನ್ನುವ ಪದದಲ್ಲಿ. ಗಂಡಸರು ಸರಾಸರಿಯಲ್ಲಿ ಹೆಂಗಸರಿಗಿಂತ ಎತ್ತರ. ಇದನ್ನು ಯಾರೂ ಅನುಮಾನಿಸುವುದಿಲ್ಲ. ಆದರೆ ನಿಮ್ಮ ಸೋದರತ್ತೆ ನಿಮಗಿಂತ ಎತ್ತರ ಇದ್ದರೆ “ಇಲ್ಲ ಅತ್ತೆ, ವಿಜ್ಞಾನದ ಪ್ರಕಾರ ನೀವು ಕುಳ್ಳಿ” ಎಂದು ಹೇಳುತ್ತೀರಾ? ಆಯ್ಕೆಯ ವಿಷಯದಲ್ಲಿ ಮಾತ್ರ ಎಲ್ಲರೂ ಹಾಗೇ ಹೇಳುತ್ತಾರೆ. ಹಣದ ಪ್ರಶ್ನೆ ಒಂದನ್ನೇ ತೆಗೆದುಕೊಂಡರೆ ಗಂಡು-ಹೆಣ್ಣಿನ ನಡುವಿನ ಅಂತರ ಎತ್ತರದ ಅಂತರಕ್ಕಿಂತ ಎಷ್ಟೋ ಚಿಕ್ಕದು.

ವಯಸ್ಸಿನ ಮಾತೂ ಹಾಗೇ. ಗಂಡಸರಿಗೆ ಸದಾ ಇಪ್ಪತ್ತರ ಹುಡುಗಿಯೇ ಬೇಕು ಎಂದು ವಿಡಿಯೋದಲ್ಲಿ ಹೇಳುತ್ತಾರೆ. ಬಸ್ ಅವರ ಸರ್ವೆಯಲ್ಲಿ ಗಂಡಸರು ಬಯಸಿದ್ದು ತಮಗಿಂತ ಸರಾಸರಿ 2.66 ವರ್ಷ ಚಿಕ್ಕವಳನ್ನು. ಹೆಂಗಸರು ಬಯಸಿದ್ದು 3.42 ವರ್ಷ ದೊಡ್ಡವನನ್ನು. ಮೂರು ವರ್ಷದ ಮಾತು ಇದು! ಉತ್ತರ ಕೊಟ್ಟವರಲ್ಲಿ ಹೆಚ್ಚಿನವರು ಚಿಕ್ಕ ವಯಸ್ಸಿನವರು, ವಯಸ್ಸು ಏರಿದ ಹಾಗೆ ಗಂಡಸರು ಬಯಸುವ ಅಂತರ ಜಾಸ್ತಿ ಆಗುತ್ತದೆ ಎಂದು ಬೇರೆ ಅಧ್ಯಯನಗಳು ತೋರಿಸಿವೆ, ಅದೂ ನಿಜ.

ಆದರೆ ಮೇಡಂ, ವ್ಯತ್ಯಾಸ ಇಲ್ಲವೇ ಇಲ್ಲ ಎನ್ನುವ ಕಡೆಗೂ ವಾಲಬಾರದು. 2015ರಲ್ಲಿ ಇದೇ ಮಾಹಿತಿಯನ್ನು ಬೇರೆ ರೀತಿ ಲೆಕ್ಕ ಹಾಕಿದರು. ಒಂದೊಂದೇ ಗುಣ ನೋಡದೆ ಒಬ್ಬ ವ್ಯಕ್ತಿ ಕೊಟ್ಟ ಅಂಕಗಳನ್ನೆಲ್ಲ ಒಟ್ಟಿಗೆ ಇಟ್ಟರೆ, ಆ ವ್ಯಕ್ತಿ ಗಂಡೋ ಹೆಣ್ಣೋ ಎಂದು ನೂರಕ್ಕೆ 92 ಸಲ ಸರಿಯಾಗಿ ಊಹಿಸಬಹುದಂತೆ. ಒಂದೊಂದು ಗುಣದಲ್ಲಿ ಸಣ್ಣ ಅಂತರ, ಎಲ್ಲ ಸೇರಿಸಿದರೆ ದೊಡ್ಡ ಅಂತರ. ತರಗತಿಯಲ್ಲಿ ಎರಡನ್ನೂ ಹೇಳಬೇಕು.

ತುಂಗಾತೀರ:

ಸರ್, ಒಪ್ಪಿದೆ. ನನ್ನ ಬರಹದಲ್ಲಿ ಅದು ಬಿಟ್ಟುಹೋಗಿತ್ತು. ಅದರ ಜೊತೆಗೆ ಇನ್ನೊಂದನ್ನೂ ಸೇರಿಸುತ್ತೇನೆ. ಬಸ್ ಮತ್ತು ಅವರ ಜೊತೆಗಾರರೇ 1990ರಲ್ಲಿ ಇದೇ ಸರ್ವೆ ಬಗ್ಗೆ ಬರೆದಾಗ, ಒಟ್ಟಾರೆ ನೋಡಿದರೆ ಗಂಡೋ ಹೆಣ್ಣೋ ಎನ್ನುವುದಕ್ಕಿಂತ ಯಾವ ದೇಶದವರು ಎನ್ನುವುದು ಉತ್ತರವನ್ನು ಜಾಸ್ತಿ ಬದಲಿಸುತ್ತದೆ ಎಂದು ತೋರಿಸಿದ್ದರು. ದೇಶ ದೇಶಗಳ ನಡುವೆ ಎಲ್ಲಕ್ಕಿಂತ ದೊಡ್ಡ ಅಂತರ ಬಂದಿದ್ದು ಮದುವೆಗೆ ಮುಂಚೆ ಯಾರ ಜೊತೆಗೂ ಸಂಬಂಧ ಇರಬಾರದು ಎನ್ನುವ ಪ್ರಶ್ನೆಯಲ್ಲಿ. ಭಾರತ, ಚೀನಾ, ಇರಾನ್ ಕಡೆ ಅದಕ್ಕೆ ತುಂಬ ಬೆಲೆ. ಸ್ವೀಡನ್, ನಾರ್ವೆ ಕಡೆ ಅದು ಲೆಕ್ಕಕ್ಕೇ ಇಲ್ಲ. ನಮ್ಮ ಊರಿನ ಹುಡುಗ ಒಬ್ಬ ಸ್ವೀಡನ್‌ನ ಗಂಡಸಿಗಿಂತ ನಮ್ಮ ಊರಿನ ಹೆಂಗಸಿಗೇ ಹತ್ತಿರ ಎಂದಾಯಿತು. ಇದನ್ನು ಯಾವ ರೀಲ್ಸ್‌ನಲ್ಲೂ ನಾನು ನೋಡಿಲ್ಲ.

ಹಳೇ ಪುಸ್ತಕ:

ಇಷ್ಟೆಲ್ಲ ಯಾಕೆ ಜಗ್ಗಾಡುತ್ತಿದ್ದೀರಿ? ಮನುಷ್ಯನ ಸ್ವಭಾವಕ್ಕೆ ವಿಕಾಸದಲ್ಲಿ ಕಾರಣ ಹುಡುಕುವ ಈ ವಿಕಾಸ ಮನೋವಿಜ್ಞಾನವೇ ಟೊಳ್ಳು ಎಂದು ನನ್ನ ಅಭಿಪ್ರಾಯ. ಇವತ್ತಿನ ಅಭ್ಯಾಸ ಒಂದನ್ನು ಹಿಡಿದುಕೊಂಡು, ಆದಿಮಾನವನ ಕಾಲದ ಕಥೆ ಕಟ್ಟುವುದು, ಅಷ್ಟೇ. ಅಮೆರಿಕದ ಆಲ್ಬುಕರ್ಕಿಯಲ್ಲಿ 18 ಜನ ಕ್ಲಬ್ ಡ್ಯಾನ್ಸರ್‌ಗಳ ಟಿಪ್ಸ್ ಲೆಕ್ಕ ಬರೆದು, ಗರ್ಭ ಧರಿಸಬಹುದಾದ ದಿನಗಳಲ್ಲಿ ಜಾಸ್ತಿ ಸಿಗುತ್ತದೆ ಎಂದು 2007ರಲ್ಲಿ ಪ್ರಕಟಿಸಿದರು. ಹದಿನೆಂಟು ಜನ! ಪ್ರಪಂಚದ ಎಲ್ಲ ಪತ್ರಿಕೆಗಳಲ್ಲೂ ಬಂತು. ಆ ದಿನಗಳಲ್ಲಿ ಹೆಂಗಸರಿಗೆ ಗಡಸು ಮುಖದ ಗಂಡಸರು ಇಷ್ಟವಾಗುತ್ತಾರೆ ಎಂದೂ ವರ್ಷಗಟ್ಟಲೆ ಬರೆದರು. 2018ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದವರು 584 ಹೆಂಗಸರನ್ನು ಹಾರ್ಮೋನ್ ಪರೀಕ್ಷೆ ಸಮೇತ ನೋಡಿದಾಗ ಅಂಥದ್ದೇನೂ ಸಿಗಲಿಲ್ಲ. ಅದು ಎಷ್ಟು ಪತ್ರಿಕೆಗಳಲ್ಲಿ ಬಂತು?

ತುಂಗಾತೀರ:

ಆ ಡ್ಯಾನ್ಸರ್‌ಗಳ ಅಧ್ಯಯನವನ್ನು ನಾನೂ ತರಗತಿಯಲ್ಲಿ ನಂಬಬೇಡಿ ಎಂದೇ ಹೇಳುತ್ತೇನೆ. ಆದರೆ ಸರ್, 584 ಜನರನ್ನು ನೋಡಿ ಹಳೆಯ ಮಾತನ್ನು ಬೀಳಿಸಿದವರೂ ಇದೇ ವಿಷಯದ ಸಂಶೋಧಕರು. ಆ ತಂಡದವರಲ್ಲಿ ಕೆಲವರು ಹಿಂದೆ ಅದನ್ನು ನಂಬಿ ಬರೆದವರೇ. ತಮ್ಮ ತಪ್ಪನ್ನು ತಾವೇ ಹುಡುಕಿ ತೋರಿಸಿದ್ದಾರೆ. ಟೊಳ್ಳು ಎಂದು ಎತ್ತಿ ಎಸೆಯಲು ನನಗೆ ಮನಸ್ಸು ಬರುವುದಿಲ್ಲ.

ಕಥೆ ಕಟ್ಟುವುದು ಅಂದಿರಿ. ನಾನು ಮಕ್ಕಳಿಗೆ ಬೆಲ್ಲದ ಉದಾಹರಣೆ ಕೊಡುತ್ತೇನೆ. ನಮಗೆ ಬೆಲ್ಲ ಯಾಕೆ ಇಷ್ಟ? ಸಿಹಿಯಾಗಿದೆ, ಅದಕ್ಕೆ. ಸಿಹಿ ಯಾಕೆ ಇಷ್ಟ? ಶಕ್ತಿ ಕೊಡುವ ಹಣ್ಣು, ಜೇನು ಹುಡುಕಿ ತಿಂದ ಪೂರ್ವಜರು ಬದುಕಿ ಉಳಿದರು, ಅದಕ್ಕೆ. ಎರಡೂ ಸರಿ ಉತ್ತರಗಳೇ. ಆದರೆ ಬೆಲ್ಲ ತಿನ್ನುವ ಮಗು ಒಳಗೊಳಗೇ ಕ್ಯಾಲೊರಿ ಲೆಕ್ಕ ಹಾಕುತ್ತಿದೆ ಎಂದು ಯಾರೂ ಹೇಳುವುದಿಲ್ಲ. ಗಂಡು-ಹೆಣ್ಣಿನ ವಿಷಯ ಬಂದಾಗ ಮಾತ್ರ ಈ ಎರಡು ಉತ್ತರಗಳನ್ನು ಕಲಸಿಬಿಡುತ್ತೇವೆ. “ಅವಳು ನಿನ್ನನ್ನು ಪ್ರೀತಿಸುತ್ತಿಲ್ಲ, ಒಳಗೊಳಗೇ ವಂಶಕ್ಕೆ ಲಾಭ ಲೆಕ್ಕ ಹಾಕುತ್ತಿದ್ದಾಳೆ” ಎಂದು ಬಿಡುತ್ತೇವೆ. ಪ್ರೀತಿ ಹುಟ್ಟಿದ್ದಕ್ಕೆ ಹಳೆಯ ಕಾರಣ ಇರಬಹುದು. ಅಷ್ಟಕ್ಕೇ ಆ ಪ್ರೀತಿ ನಾಟಕ ಆಗುವುದಿಲ್ಲ.

ಸಾಧನಕೇರಿ:

ನಾನು ಧಾರವಾಡದವನು, ಪ್ರಾಣಿಶಾಸ್ತ್ರ ಓದಿದವನು. ಈ ವಿಷಯಕ್ಕೂ ನಮ್ಮ ಊರಿಗೂ ಒಂದು ನಂಟಿದೆ, ಬಹಳ ಜನರಿಗೆ ಗೊತ್ತಿಲ್ಲ. 1960ರ ದಶಕದ ಶುರುವಿನಲ್ಲಿ ಯುಕಿಮಾರು ಸುಗಿಯಾಮಾ ಎಂಬ ಜಪಾನಿ ವಿಜ್ಞಾನಿ ಧಾರವಾಡದ ಸುತ್ತಲಿನ ಕಾಡಿನಲ್ಲಿ ಮುಸುವಗಳ ಅಧ್ಯಯನ ಮಾಡಿದರು. ಹೊರಗಿನ ಗಂಡು ಮುಸುವ ಬಂದು ಹಿಂಡನ್ನು ವಶ ಮಾಡಿಕೊಂಡ ಮೇಲೆ ಹಿಂದಿನ ಗಂಡಿನ ಮರಿಗಳನ್ನು ಕಚ್ಚಿ ಕೊಲ್ಲುವುದನ್ನು ಅವರು ದಾಖಲಿಸಿದರು. ಜಗತ್ತಿನ ಕೋತಿ ಅಧ್ಯಯನಕ್ಕೆ ಅದು ದೊಡ್ಡ ಸುದ್ದಿ.

ಆಮೇಲೆ ಸಾರಾ ಹರ್ಡಿ ಎಂಬ ಅಮೆರಿಕದ ವಿದ್ಯಾರ್ಥಿನಿ 1971ರಲ್ಲಿ ರಾಜಸ್ಥಾನದ ಮೌಂಟ್ ಅಬುವಿಗೆ ಬಂದರು. ಎಲ್ಲರೂ ಗಂಡು ಮುಸುವಗಳನ್ನೇ ನೋಡುತ್ತಿದ್ದಾಗ ಅವರು ಹೆಣ್ಣುಗಳನ್ನು ಗಮನವಿಟ್ಟು ನೋಡಿದರು. ಹೆಣ್ಣುಗಳು ಹಿಂಡಿನ ಯಜಮಾನನ ಜೊತೆ ಮಾತ್ರವಲ್ಲ, ಹೊರಗಿನ ಗಂಡುಗಳ ಜೊತೆಗೂ ಕೂಡುತ್ತಿದ್ದವು. ಬಸಿರಾಗಿದ್ದಾಗಲೂ ಕೂಡುತ್ತಿದ್ದವು. ಮರಿ ಯಾರದು ಎಂದು ಗಂಡಿಗೆ ಗೊತ್ತಾಗದಿದ್ದರೆ ಅದು ಮರಿಯನ್ನು ಕೊಲ್ಲುವುದು ಕಡಿಮೆ. ತಾಯಿ ತನ್ನ ಮರಿ ಉಳಿಸಿಕೊಳ್ಳುವ ದಾರಿ ಅದು ಎಂದು ಹರ್ಡಿ ವಿವರಿಸಿದರು.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, “ಹೆಣ್ಣು ಸಹಜವಾಗಿ ನಾಚಿಕೆಯದು, ಗಂಡು ಸಹಜವಾಗಿ ಚಂಚಲ” ಎನ್ನುವ ಮಾತಿಗೆ ವಿಜ್ಞಾನದ ಮುದ್ರೆ ಸಿಕ್ಕಿದ್ದು ಹಣ್ಣು ನೊಣಗಳ ಮೇಲೆ ಬೇಟ್‌ಮನ್ ಎಂಬುವರು 1948ರಲ್ಲಿ ಮಾಡಿದ ಪ್ರಯೋಗದಿಂದ. 2012ರಲ್ಲಿ ಪೆಟ್ರಿಷಿಯಾ ಗೋವಾಟಿ ಮತ್ತು ಜೊತೆಗಾರರು ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಅದರ ವಿಧಾನದಲ್ಲೇ ದೋಷ ಸಿಕ್ಕಿತು. ಮರಿ ಯಾರದು ಎಂದು ಗುರುತಿಸಲು ಬಳಸಿದ ಆನುವಂಶಿಕ ಲಕ್ಷಣಗಳೇ ಕೆಲವು ಮರಿಗಳನ್ನು ಸಾಯಿಸುತ್ತಿದ್ದವು, ಲೆಕ್ಕ ತಪ್ಪುತ್ತಿತ್ತು. ಹಳೆಯ ಮಾತನ್ನು ಅಲುಗಾಡಿಸಿದ ಹರ್ಡಿ, ಗೋವಾಟಿ ಇಬ್ಬರೂ ವಿಕಾಸವಾದವನ್ನು ಒಪ್ಪಿದವರೇ. ವಿಕಾಸ ಅಂದರೆ ಗಂಡಸಿನ ಪರ ವಾದ ಎಂದುಕೊಂಡವರು ಇದನ್ನು ಓದಬೇಕು.

ಮುಸುವ ಮರಿ ಕೊಲ್ಲುತ್ತದೆ ಎಂದು ನಮ್ಮಲ್ಲಿ ಯಾರಾದರೂ ಅದು ಸರಿ ಅನ್ನುತ್ತಾರಾ? ಇಲ್ಲ. ಹಾಗಿದ್ದ ಮೇಲೆ “ಗಂಡಸಿಗೆ ಅದು ಸಹಜ, ಸಹಿಸಿಕೊಂಡು ಹೋಗು” ಎಂದು ಮನೆಯ ಹೆಣ್ಣುಮಗಳಿಗೆ ಯಾವ ಬಾಯಲ್ಲಿ ಹೇಳುತ್ತೇವೆ?

ಮೆಟ್ರೋ ಹಾದಿ:

ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ, 26 ವರ್ಷ. ಇಲ್ಲಿಯವರೆಗೆ ಓದಿದವರಲ್ಲಿ ಹುಡುಗಿಯರು ಕಡಿಮೆ ಇರಬಹುದು, ಅದಕ್ಕೆ ಬರೆಯುತ್ತಿದ್ದೇನೆ. ಹಿಂದಿನ ಆಫೀಸಿನಲ್ಲಿ ಊಟದ ಹೊತ್ತಿಗೆ ಸಹೋದ್ಯೋಗಿಯೊಬ್ಬರು ಒಂದು ಪ್ರಯೋಗದ ಬಗ್ಗೆ ಹೇಳುತ್ತಿದ್ದರು. ಫ್ಲಾರಿಡಾದ ವಿಶ್ವವಿದ್ಯಾಲಯದಲ್ಲಿ ಗುರುತಿಲ್ಲದ ಹುಡುಗ ಬಂದು ಹುಡುಗಿಗೆ, ಗುರುತಿಲ್ಲದ ಹುಡುಗಿ ಬಂದು ಹುಡುಗನಿಗೆ, “ಇವತ್ತು ರಾತ್ರಿ ನನ್ನ ಜೊತೆ ಮಲಗುತ್ತೀಯಾ” ಎಂದು ಕೇಳುವುದು. ಹುಡುಗರಲ್ಲಿ ಮುಕ್ಕಾಲು ಜನ ಹೂಂ ಅಂದರು, ಹುಡುಗಿಯರಲ್ಲಿ ಒಬ್ಬರೂ ಇಲ್ಲ. ಇದನ್ನು ಹೇಳಿ, ಹೆಂಗಸರಿಗೆ ಆ ಆಸೆಯೇ ಇರುವುದಿಲ್ಲ, ಲಾಭ ನೋಡಿ ಒಪ್ಪುತ್ತಾರೆ ಎಂದು ಟೇಬಲ್ ತುಂಬ ನಗು.

ನಾನು ಸುಮ್ಮನೆ ಕೂತಿದ್ದೆ. ನನ್ನ ತಲೆಯಲ್ಲಿ ಓಡುತ್ತಿದ್ದುದು ಒಂದೇ. ರಾತ್ರಿ ಶಿಫ್ಟ್ ಮುಗಿಸಿ ಕ್ಯಾಬ್ ಹತ್ತುವಾಗ ನಂಬರ್ ಪ್ಲೇಟ್ ಫೋಟೋ ತೆಗೆದು ಅಮ್ಮನಿಗೆ ಕಳಿಸುವವಳು ನಾನು. ಗುರುತಿಲ್ಲದ ಗಂಡಸಿನ ಮನೆಗೆ ಹೋಗುವುದಿಲ್ಲ ಎನ್ನುವುದಕ್ಕೆ ಆದಿಮಾನವನ ಕಾಲದ ಕಾರಣ ಬೇಕಾ?

ತುಂಗಾತೀರ:

ನಿಮ್ಮ ಪ್ರಶ್ನೆಯನ್ನೇ ಟೆರ್ರಿ ಕಾನ್ಲಿ ಎಂಬ ಸಂಶೋಧಕಿ ಕೇಳಿದರು. ಮೂಲ ಪ್ರಯೋಗ ನಡೆದಿದ್ದು 1978 ಮತ್ತು 1982ರಲ್ಲಿ, ಕ್ಲಾರ್ಕ್ ಮತ್ತು ಹ್ಯಾಟ್‌ಫೀಲ್ಡ್ ಅವರದು. ಅದರಲ್ಲಿ ಇನ್ನೊಂದು ಪ್ರಶ್ನೆಯೂ ಇತ್ತು, “ಇವತ್ತು ಸಂಜೆ ನನ್ನ ಜೊತೆ ಹೊರಗೆ ಸುತ್ತಾಡಲು ಬರುತ್ತೀಯಾ?” ಅದಕ್ಕೆ ಹುಡುಗರಲ್ಲೂ ಹುಡುಗಿಯರಲ್ಲೂ ಸುಮಾರು ಅರ್ಧ ಜನ ಹೂಂ ಅಂದಿದ್ದರು! ನಿಮ್ಮ ಸಹೋದ್ಯೋಗಿ ಅದನ್ನು ಹೇಳಿರಲಿಕ್ಕಿಲ್ಲ. 2011ರಲ್ಲಿ ಕಾನ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೀಗೆ ಬಂದು ಕೇಳುವ ಗುರುತಿಲ್ಲದ ಗಂಡಸನ್ನು ಹೆಂಗಸರು ಅಪಾಯದವನು ಎಂದು ನೋಡುತ್ತಾರೆ, ಅವನಿಂದ ಸುಖ ಸಿಕ್ಕೀತು ಎಂದೂ ಅವರಿಗೆ ಅನಿಸುವುದಿಲ್ಲ. ಅದೇ ಪ್ರಶ್ನೆಯನ್ನು ಎಲ್ಲರಿಗೂ ಗೊತ್ತಿರುವ, ಮೆಚ್ಚಿನ ನಟ-ನಟಿಯರು ಕೇಳಿದ ಹಾಗೆ ಊಹಿಸಿಕೊಳ್ಳಿ ಅಂದಾಗ ಗಂಡು-ಹೆಣ್ಣಿನ ಅಂತರ ಹೆಚ್ಚುಕಡಿಮೆ ಮಾಯವಾಯಿತು.

ಟೇಬಲ್ ತುಂಬ ನಕ್ಕರಲ್ಲ, ಅದನ್ನು ಓದಿ ನನಗೆ ಸಂಕಟ ಆಯಿತು.

ಹಳೇ ಪುಸ್ತಕ:

ಮೇಡಂ, ನಾನು ಮೇಲೆ ಸ್ವಲ್ಪ ಜೋರಾಗಿ ಬರೆದೆ. ಮುಸುವಗಳ ವಿಷಯ ನನಗೆ ಗೊತ್ತಿರಲಿಲ್ಲ. ಟೊಳ್ಳು ಎಂಬ ಪದ ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಒಂದು ಅನುಮಾನ ಉಳಿದಿದೆ. ಜನ ಕಾಗದದ ಮೇಲೆ ಟಿಕ್ ಹಾಕುವುದಕ್ಕೂ ಎದುರಿಗೆ ಮನುಷ್ಯ ಕೂತಾಗ ಒಪ್ಪುವುದಕ್ಕೂ ಸಂಬಂಧ ಇದೆಯಾ?

ಲೆಕ್ಕದ ಮೇಷ್ಟ್ರು:

ಒಳ್ಳೆಯ ಪ್ರಶ್ನೆ. 2008ರಲ್ಲಿ ಈಸ್ಟ್‌ವಿಕ್ ಮತ್ತು ಫಿಂಕೆಲ್ ಎಂಬುವರು ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಇದನ್ನೇ ನೋಡಿದರು. ವಿದ್ಯಾರ್ಥಿಗಳಿಂದ ಮೊದಲೇ ಏನು ಬೇಕು ಎಂದು ಬರೆಸಿಕೊಂಡರು. ಎಂದಿನ ಹಾಗೆ ಹುಡುಗರು ರೂಪ ಅಂದರು, ಹುಡುಗಿಯರು ಸಂಪಾದನೆ ಅಂದರು. ಆಮೇಲೆ ನಾಲ್ಕು ನಾಲ್ಕು ನಿಮಿಷ ಎದುರುಬದುರು ಕೂರಿಸಿ ಮಾತಾಡಿಸಿದರು. ಯಾರು ಇಷ್ಟವಾದರು ಎಂದು ನೋಡಿದರೆ ರೂಪವೂ ಸಂಪಾದನೆಯ ಭರವಸೆಯೂ ಹುಡುಗರಿಗೂ ಹುಡುಗಿಯರಿಗೂ ಒಂದೇ ಮಟ್ಟದಲ್ಲಿ ಕೆಲಸ ಮಾಡಿದ್ದವು. ಮೊದಲು ಬರೆದುಕೊಟ್ಟಿದ್ದಕ್ಕೂ ಆಮೇಲೆ ಇಷ್ಟವಾಗಿದ್ದಕ್ಕೂ ತಾಳೆಯೇ ಆಗಲಿಲ್ಲ. ಕಾಲೇಜು ಹುಡುಗರ ಮೇಲೆ ಮಾಡಿದ್ದು, ಮದುವೆಗೆ ಹಾಗೇ ಅನ್ವಯಿಸುವುದಿಲ್ಲ. ನಮ್ಮಲ್ಲಿ ಹುಡುಗ ಹುಡುಗಿ ಎದುರುಬದುರು ಕೂರುವ ಮೊದಲೇ ಮನೆಯವರು ಅರ್ಧ ತೀರ್ಮಾನ ಮಾಡಿರುತ್ತಾರೆ ಬೇರೆ.

ಮಂಡ್ಯದ ಕಬ್ಬು:

ಅಕ್ಕ, ಎರಡು ದಿನ ಆಯಿತು, ಎಲ್ಲವನ್ನೂ ಓದಿದೆ. ನಿನ್ನೆ ನನ್ನ ತಂಗಿಗೆ ಫೋನ್ ಮಾಡಿದ್ದೆ. ಅವಳು ಮದುವೆಯಾಗಿ ಬೆಂಗಳೂರಿನಲ್ಲಿದ್ದಾಳೆ. ಅವಳಿಗೂ ಆಗ ಇಬ್ಬರು ರೈತರ ಮನೆಯ ಹುಡುಗರು ಬಂದಿದ್ದರು, ಬೇಡ ಅಂದಿದ್ದಳು. ಯಾಕೆ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ದುಡ್ಡಿಗೆ ಎಂದುಕೊಂಡಿದ್ದೆ. ನಿನ್ನೆ ಕೇಳಿದೆ.

ಅವಳು ಹೇಳಿದ್ದು ಇಷ್ಟು. “ಅಣ್ಣ, ಅಮ್ಮನ್ನ ನೋಡಿದೀನಲ್ಲ. ನಾಲ್ಕೂವರೆಗೆ ಎದ್ದು ಕೊಟ್ಟಿಗೆ ಕಸ ಬಾಚಿ, ಗದ್ದೆಗೆ ಬುತ್ತಿ ಹೊತ್ತು, ಮೂವತ್ತು ವರ್ಷ ದುಡಿದಳು. ಅವಳ ಹೆಸರಲ್ಲಿ ಒಂದು ಗುಂಟೆ ಇಲ್ಲ. ನನಗೆ ಕಾಲೇಜಿಗೆ ಬಸ್ ಪಾಸ್ ಮಾಡಿಸಕ್ಕೂ ಅಪ್ಪನ ಹತ್ರ ಕೈಚಾಚಬೇಕಿತ್ತು. ನನಗೆ ಹುಡುಗನ ದುಡ್ಡು ಬೇಕಿರಲಿಲ್ಲ. ನನ್ನ ಕೈಯಲ್ಲೂ ನಾಲ್ಕು ಕಾಸು ಇರೋ ಊರು ಬೇಕಿತ್ತು.”

ಆಮೇಲೆ ತುಂಬ ಹೊತ್ತು ನಿದ್ದೆ ಬರಲಿಲ್ಲ.

ತುಂಗಾತೀರ:

ತಮ್ಮಾ, ನಿನ್ನ ತಂಗಿ ಹೇಳಿದ್ದನ್ನೇ ಈಗ್ಲಿ ಮತ್ತು ವುಡ್ ಎಂಬ ಇಬ್ಬರು 1999ರಲ್ಲಿ ಅದೇ 37 ಗುಂಪುಗಳ ಅಂಕಿಗಳಲ್ಲಿ ನೋಡಿದರು. ಹೆಂಗಸರಿಗೆ ಗಂಡಸರ ಸಮಕ್ಕೆ ಅವಕಾಶ ಇರುವ ದೇಶಗಳಲ್ಲಿ, ಸಂಪಾದಿಸುವ ಸಂಗಾತಿ ಬೇಕು ಎನ್ನುವುದರಲ್ಲಿ ಗಂಡು-ಹೆಣ್ಣಿನ ಅಂತರ ಚಿಕ್ಕದಾಗುತ್ತದೆ ಎಂದು ತೋರಿಸಿದರು. ಎಷ್ಟು ಚಿಕ್ಕದು ಎನ್ನುವುದರ ಬಗ್ಗೆ 2020ರ ತಂಡಕ್ಕೂ ಅವರಿಗೂ ಒಮ್ಮತ ಇಲ್ಲ, ಆ ಜಗಳ ಇನ್ನೂ ಮುಗಿದಿಲ್ಲ. ಆದರೆ ಫೋನ್ ಮಾಡಿ ಕೇಳಿದೆಯಲ್ಲ, ಅದು ನನಗೆ ತುಂಬ ಖುಷಿ ಕೊಟ್ಟಿತು.

ನನ್ನ ತಮ್ಮನಿಗೂ ಈ ಚರ್ಚೆ ಕಳಿಸಿದ್ದೇನೆ. ಓದಿದ್ದಾನೆ. ಇನ್ನೂ ಏನೂ ಹೇಳಿಲ್ಲ.

ಮಂಡ್ಯದ ಕಬ್ಬು:

ಈ ಭಾನುವಾರ ನಾಗಮಂಗಲದ ಕಡೆ ಒಂದು ಸಂಬಂಧ ನೋಡಲು ಹೋಗುತ್ತಿದ್ದೇವೆ ಅಕ್ಕ. ಹುಡುಗಿ ಬಿ.ಎಡ್ ಮಾಡಿದ್ದಾಳಂತೆ. ಮದುವೆಯಾದ ಮೇಲೂ ಕೆಲಸಕ್ಕೆ ಹೋಗಬೇಕು ಅಂದಿದ್ದಾಳಂತೆ. ಅಪ್ಪನಿಗೆ ಅದು ಇಷ್ಟವಿಲ್ಲ, ಮನೆ ಯಾರು ನೋಡಿಕೊಳ್ಳುತ್ತಾರೆ ಅಂತಿದ್ದರು. ನಿನ್ನೆ ರಾತ್ರಿ ಅಪ್ಪನ ಜೊತೆ ಕೂತು ಮಾತಾಡಿದೆ. ಅಮ್ಮನೂ ಬಂದು ಪಕ್ಕದಲ್ಲಿ ಕೂತಳು. ಹೋಗಿ ಬಂದು ತಿಳಿಸುತ್ತೇನೆ.